ಹಲಗೆಯ ಜಾತಕ

ಹಳೆಯ ಕಟ್ಟಿಗೆಯನ್ನು ಎಸೆಯುವುದೆಂದರೆ ನಮ್ಮ ಕಡೆಯವರಿಗೆ ಜೀವ ಒಪ್ಪದು. ಮುರಿದ ತೊಟ್ಟಿಲಿನ ಕಾಲು, ಬಾಗಿಲು ಹೋದ ಮೇಲೂ ಉಳಿದ ಚೌಕಟ್ಟು, ಯಾವ ಕಾಲದ್ದೋ ಒನಕೆಯ ತುಂಡು, ಇವೆಲ್ಲ "ಎಂದಾದರೂ ಬೇಕಾದೀತು" ಎಂಬ ಆಶೀರ್ವಾದ ಪಡೆದು ಅಟ್ಟದ ಮೇಲೆ ಮಲಗಿರುತ್ತವೆ. ಪುಣೆಗೆ ಬಂದು ನೆಲಸಿದ ನಮಗೆ ಅಟ್ಟ ತಪ್ಪಿತು. ಗುಣ ಮಾತ್ರ ತಪ್ಪಲಿಲ್ಲ. ಭೋಸರಿಯ ಕಾರಖಾನೆಗಳ ಗೇಟಿನ ಬಳಿ ಮಳೆಯಲ್ಲಿ ತೋಯುತ್ತ ಬಿದ್ದಿರುವ ಪ್ಯಾಲೆಟ್ಟುಗಳನ್ನು ಕಂಡಾಗಲೆಲ್ಲ ನಮ್ಮ ಕಣ್ಣು ಅತ್ತ ಹೊರಳದೆ ಇರುತ್ತಿರಲಿಲ್ಲ.

ಪ್ಯಾಲೆಟ್ಟೆಂದರೇನೆಂದು ಕೇಳುವ ವಾಚಕರಿಗೆ ಎರಡು ಮಾತು. ಯಂತ್ರದ ಭಾಗಗಳನ್ನೂ ಪೆಟ್ಟಿಗೆಗಳನ್ನೂ ಅದರ ಮೇಲೆ ಹೇರಿದರೆ, ಫೋರ್ಕ್‌ಲಿಫ್ಟ್ ಬಂಡಿಯು ತನ್ನ ಎರಡು ಕಬ್ಬಿಣದ ಕೈಗಳನ್ನು ಕೆಳಗೆ ತೂರಿಸಿ ಸರಕನ್ನೆಲ್ಲ ಒಟ್ಟಿಗೆ ಎತ್ತುತ್ತದೆ. ಹಲಗೆಗಳನ್ನು ಅಡ್ಡಪಟ್ಟಿಗಳಿಗೆ ಬಡಿದು ಮಾಡಿದ ದೊಡ್ಡದೊಂದು ಮಣೆ ಎನ್ನೋಣ. ಸಾಮಾನ್ಯವಾಗಿ 1200 ಮಿಲಿಮೀಟರ್ ಉದ್ದ, 1000 ಮಿಲಿಮೀಟರ್ ಅಗಲ. ಯುರೋಪಿನ ಅಳತೆಯದಾದರೆ ಅಗಲ 800. ನಾಲ್ಕಾರು ಸಲ ಭಾರ ಹೊತ್ತು ಒಂದು ಪಟ್ಟಿ ಮುರಿಯಿತೆಂದರೆ ಕಾರಖಾನೆಗೆ ಅದು ಬೇಡ.

ನಮಗೆ ಅದು ಬೇಕಾದದ್ದು ಹಕ್ಕರಿಕೆ ಸೊಪ್ಪಿಗಾಗಿ. ವಿಜಯಪುರ, ಕಲಬುರ್ಗಿಯ ಕಡೆಯವರಿಗೆ ಈ ಹೆಸರು ಹೇಳಿದರೆ ಸಾಕು, ಬಾಯಲ್ಲಿ ನೀರೂರೀತು. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದಿಗೆ ತೊಳೆದಿಟ್ಟ ಹಸಿ ಹಕ್ಕರಿಕೆ! ನಮ್ಮ ಸಮೀಪದ ಸಂತೆಯಲ್ಲಿ ಅದು ನಮಗೆ ಸಿಕ್ಕದು. ಮನೆಯ ಹಿಂದೆ ಇಪ್ಪತ್ತಡಿ ಉದ್ದದ ಒಂದು ತುಂಡು ನೆಲವೇನೋ ಇದೆ. ಆದರೆ ಕಟ್ಟಡ ಕಟ್ಟಿದವರು ಅದರಲ್ಲಿ ಇಟ್ಟಿಗೆಚೂರು, ಸಿಮೆಂಟಿನ ಹೆಂಟೆ ಎಲ್ಲವನ್ನೂ ಹೂತು ಹೋಗಿದ್ದಾರೆ. ನೆಲದ ಮೇಲೆ ಕಟ್ಟಿಗೆಯ ಕಟ್ಟೆ ಕಟ್ಟಿ, ಒಳಗೆ ಒಳ್ಳೆಯ ಮಣ್ಣು ತುಂಬಿದ ಮಡಿ ಮಾಡದೆ ಗತಿಯಿರಲಿಲ್ಲ.

ಮಡಿಯೆಂದ ಮೇಲೆ ಮೈಲಿಗೆಯ ವಿಚಾರವೂ ಬಂದೇ ಬರುತ್ತದಲ್ಲ! ಹಸಿಯಾಗಿ ತಿನ್ನುವ ಸೊಪ್ಪನ್ನು ಬೆಳೆಯುವ ಪೆಟ್ಟಿಗೆಗೆ ಸಿಕ್ಕ ಸಿಕ್ಕ ಹಲಗೆ ಹಾಕುವುದು ಹೇಗೆ? ಅದು ಯಾವ ಊರಿನದು, ಏನು ಹೊತ್ತಿತ್ತು, ಮೈಗೆ ಏನು ಬಳಿದುಕೊಂಡಿತ್ತು? ಹೆಣ್ಣು ಕೊಡುವಾಗ ನೋಡುವಷ್ಟಾದರೂ ಜಾತಕ ನೋಡಬೇಡವೆ?

ಸುದೈವದಿಂದ ದೇಶಾಂತರ ಹೋಗುವ ಪ್ಯಾಲೆಟ್ಟಿನ ಪಕ್ಕೆಯ ಮೇಲೆಯೇ ಆ ಜಾತಕ ಬರೆದಿರುತ್ತದೆ. ಅದಕ್ಕೆ ಕಾರಣ ಹುಳ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಬೀದಿಮರಗಳಲ್ಲಿ ಉದ್ದ ಮೀಸೆಯ ಒಂದು ದುಂಬಿ ಕಾಣಿಸಿಕೊಂಡಿತು. ಏಷ್ಯದಿಂದ ಸರಕಿನ ಕಟ್ಟಿಗೆಯೊಳಗೆ ಕುಳಿತು, ಟಿಕೀಟಿಲ್ಲದೆ ಸಮುದ್ರ ದಾಟಿದ ಪ್ರಾಣಿ ಅದು. ಅದನ್ನು ತಡೆಯಲು ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಇಂಥ ಅನುಭವಗಳಾದ ಮೇಲೆ 2002ರಲ್ಲಿ ರಾಷ್ಟ್ರಗಳು ಕೂಡಿ ಒಂದು ನಿಯಮ ಮಾಡಿದವು: ಗಡಿ ದಾಟುವ ಗಟ್ಟಿ ಕಟ್ಟಿಗೆಯ ಪೆಟ್ಟಿಗೆ, ಪ್ಯಾಲೆಟ್ಟುಗಳನ್ನು ಮೊದಲು ಹುಳಮುಕ್ತ ಮಾಡಬೇಕು, ಮಾಡಿದ್ದಕ್ಕೆ ಮುದ್ರೆ ಒತ್ತಬೇಕು. ಆ ಮುದ್ರೆಯಲ್ಲಿ ಗೋಧಿಯ ತೆನೆಯ ಚಿತ್ರ, ದೇಶದ ಎರಡಕ್ಷರ (ನಮ್ಮದಕ್ಕೆ ಐ, ಎನ್), ತಯಾರಿಸಿದವರ ಸಂಖ್ಯೆ, ಕೊನೆಯಲ್ಲಿ ಮತ್ತೆರಡು ಅಕ್ಷರ ಇರುತ್ತವೆ. ಆ ಕೊನೆಯ ಎರಡಕ್ಷರವೇ ಮುಖ್ಯ. ಎಚ್.ಟಿ. ಎಂದಿದ್ದರೆ ಕಟ್ಟಿಗೆಯ ಒಡಲಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಕಾವು ಅರ್ಧ ಗಂಟೆ ತಾಗಿದೆ ಎಂದರ್ಥ. ಬರಿಯ ಬಿಸಿ, ಔಷಧವಿಲ್ಲ. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷವಾಯುವಿನ ಹೊಗೆ ಕೊಟ್ಟದ್ದು. ಆ ಅನಿಲ ಹಲಗೆಯಿಂದ ಬೇಗನೆ ಹಾರಿಹೋಗುತ್ತದೆನ್ನುವರು. ಹೋಗಲಿ, ಎಚ್.ಟಿ. ಹಲಗೆ ಬೇಕಾದಷ್ಟು ಸಿಕ್ಕುವಾಗ ನಾವೇಕೆ ಆ ಚರ್ಚೆಗೆ ಇಳಿಯಬೇಕು?

ಆದರೆ ಮುದ್ರೆ ಹೇಳುವುದು ಹುಟ್ಟಿನ ಕತೆ ಮಾತ್ರ, ನಡತೆಯದಲ್ಲ. ಕಾರಖಾನೆಯಲ್ಲಿ ಅದರ ಮೇಲೆ ಎಣ್ಣೆ ಚೆಲ್ಲಿತೋ, ಬಣ್ಣದ ಡಬ್ಬಿ ಒಡೆಯಿತೋ ಮುದ್ರೆಗೆ ತಿಳಿಯದು. ಅದಕ್ಕೆ ಮೂಗೇ ಪ್ರಮಾಣ. ಕಲೆಯಿದ್ದದ್ದು, ವಾಸನೆಯಿದ್ದದ್ದು, ಬಣ್ಣ ಬಳಿದದ್ದು ಎಲ್ಲವನ್ನೂ ಬಿಟ್ಟು ಗುಜರಿಯವನ ಅಂಗಡಿಯಿಂದ ನಾಲ್ಕನ್ನು ಆರಿಸಿ ತಂದೆವು. ಒಂದಕ್ಕೆ ನೂರೈವತ್ತು ರೂಪಾಯಿ. ಅದರೊಡನೆ ಕೊಸರೆಂದು ಆತ ಹಾಕಿಕೊಟ್ಟದ್ದು ಉದ್ದನೆಯ ಎರಡು ಹಲಗೆ. ಬಲು ಗಟ್ಟಿ, ಮೈ ಮಾತ್ರ ತಿಳಿ ಹಸಿರು.

ಬಿಚ್ಚುವ ಕೆಲಸ ಅಂದುಕೊಂಡಷ್ಟು ಸುಲಭದ್ದಲ್ಲ. ಪ್ಯಾಲೆಟ್ಟಿನ ಮೊಳೆಗಳು ತಿರುಪಿನಂತೆ ನುಲಿದುಕೊಂಡಿರುತ್ತವೆ. ಇಕ್ಕಳಕ್ಕೆ ಜಗ್ಗವು, ಮೀಟಿದರೆ ಹಲಗೆಯೇ ಸೀಳುತ್ತದೆ. ಹಲಗೆ ಮತ್ತು ಪಟ್ಟಿಯ ನಡುವಿನ ಸಂದಿಯಲ್ಲಿ ಕಬ್ಬಿಣ ಕೊಯ್ಯುವ ಗರಗಸ ತೂರಿಸಿ ಮೊಳೆಯನ್ನೇ ಕತ್ತರಿಸುವುದು ಉತ್ತಮ. ಎರಡು ಹಲಗೆ ಎತ್ತರದ ಪೆಟ್ಟಿಗೆ, ಕೆಳಗೆ ಇಟ್ಟಿಗೆಯ ಸಾಲು, ಒಳಮೈಗೆ ಹಳೆಯ ಗೋಣಿ, ಅದರ ಮೇಲೆ ಕರಿಮಣ್ಣು, ಸಗಣಿಗೊಬ್ಬರ. ಉದುರಿದ ಮರದ ಹೊಟ್ಟನ್ನು ಮಣ್ಣಿಗೆ ಬೆರಸಬಾರದು. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಉಂಡು, ಸೊಪ್ಪನ್ನು ಹಳದಿ ಮಾಡುತ್ತದೆ.

ಈ ಕೆಲಸ ನಡೆದಾಗಲೇ ಗೋಡೆಯಾಚೆಯಿಂದ ಆಕೆ ಬಂದದ್ದು. ಹಿಂದಿನ ನಿವೇಶನದಲ್ಲಿ ಏಳುತ್ತಿರುವ ಕಟ್ಟಡಕ್ಕೆ ಯಾದಗಿರಿ ಕಡೆಯಿಂದ ದುಡಿಯಲು ಬಂದವರ ತಗಡಿನ ಗುಡಿಸಲುಗಳಿವೆ, ಆಕೆ ಅಲ್ಲಿಯವಳು. ಕಂಕುಳಲ್ಲಿ ಕೂಸು. ನಮ್ಮ ಮಾತು ಕೇಳಿ ಕನ್ನಡವೆಂದು ಗುರುತಿಸಿ ಗೇಟು ದಾಟಿ ಬಂದಳು.

"ಯಕ್ಕಾ, ಈ ಹಸರ ಹಲಗಿ ನಿಮಗ ಬ್ಯಾಡಂದ್ರ ನಮಗ ಕೊಡ್ರಿ. ಒಲಿಗಿ ಆಗ್ತದ."

ಆ ಹಸಿರಿನ ಬಗ್ಗೆ ನಮಗೆ ಸಂಶಯ ಬಂದಿದ್ದಿತು. ಗೆದ್ದಲು ಹಿಡಿಯದಂತೆ ಕಟ್ಟಿಗೆಗೆ ತಾಮ್ರ, ಕ್ರೋಮಿಯಂ, ಪಾಷಾಣ ಮೂರನ್ನೂ ಉಣಿಸುವ ಒಂದು ವಿಧಾನವಿದೆ. ಕಂಡುಹಿಡಿದವರು ನಮ್ಮವರೇ: ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ, 1933ರಲ್ಲಿ. ಕಂಬಗಳಿಗೂ ಸೇತುವೆಯ ತೊಲೆಗಳಿಗೂ ಅದರಿಂದಾದ ಉಪಕಾರ ಸಣ್ಣದಲ್ಲ. ಅದು ಜಗತ್ತಿಗೆಲ್ಲ ಹರಡಿತು. ಆದರೆ ಪಾಷಾಣ ಪಾಷಾಣವೇ. ಅಮೆರಿಕದಲ್ಲಿ 2003ರ ಕೊನೆಯ ಹೊತ್ತಿಗೆ ವಾಸದ ಮನೆಗಳ ಬಹುತೇಕ ಉಪಯೋಗಗಳಿಂದ ಅದನ್ನು ಹಿಂದೆಗೆದರು. ಸುಟ್ಟರೆ ಹೊಗೆಯಲ್ಲಿ ಬರುತ್ತದೆ, ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯಿಂದಲೇ ಪಾತ್ರೆ ತಿಕ್ಕುವವರ ಗತಿಯೇನು? ಈ ಹಲಗೆ ಅದೇ ಎಂದು ಪ್ರಮಾಣ ಮಾಡಲು ಪ್ರಯೋಗಶಾಲೆ ಬೇಕು. ಕೊಡದಿರಲು ಸಂಶಯವೇ ಸಾಕು.

"ಬ್ಯಾಡವಾ, ಅದಕ್ಕ ಇಸಾ ಹಾಕಿರಬೇಕು. ಹೊಗಿ ಕೂಸಿಗಿ ಬಡೀತದ" ಎಂದೆವು.

"ಇಸಾ ಹಾಕಿದ್ರ ನೀವ್ಯಾಕ ಮನಿಯಾಗ ಇಟ್ಕೊಂಡೀರಿ?" ಎಂದಳಾಕೆ. ನ್ಯಾಯಾಧೀಶರಿಗೂ ಉತ್ತರಿಸಲು ಕಷ್ಟವಾಗುವ ಪ್ರಶ್ನೆ!

ಅವನ್ನು ಕೊಯ್ಯದೆ, ಕೆತ್ತದೆ ಇದ್ದ ಹಾಗೆಯೇ ಗೇಟಿನ ಬದಿಗೆ ಇಟ್ಟಿಗೆಯ ಮೇಲೇರಿಸಿ ಸೇವಂತಿಗೆಯ ಕುಂಡಗಳಿಗೆ ಪೀಠ ಮಾಡಿದೆವು. ಆಕೆಗೆ ಮುದ್ರೆಯಿದ್ದ ಹಲಗೆಯನ್ನು ತೋರಿಸಿ, ಕಲೆಯೂ ಬಣ್ಣವೂ ಇಲ್ಲದ ಇಂಥದನ್ನು ಉರಿಸಬಹುದು, ಹಸಿರು ಹಲಗೆ, ಬಣ್ಣದ ಹಲಗೆ, ಪ್ಲೈವುಡ್ಡು ಬೇಡ ಎಂದು ಹೇಳಿ, ಮಿಕ್ಕ ತುಂಡುಗಳನ್ನು ಕಟ್ಟಿಕೊಟ್ಟೆವು. ಇದರಲ್ಲಿ ಔದಾರ್ಯವೇನೂ ಇಲ್ಲ. ಮುರಿದ ಪ್ಯಾಲೆಟ್ಟುಗಳನ್ನು ಮೊದಲು ಕಾವಲುಗಾರರು ಪುಕ್ಕಟೆಯಾಗಿ ಒಯ್ಯಲು ಬಿಡುತ್ತಿದ್ದರೆಂದು ಆಕೆಯೇ ಹೇಳಿದಳು. ಈಗ ನಮ್ಮಂಥ ತೋಟದ ಹುಚ್ಚಿನವರೂ, ಅದರಿಂದ ಸೋಫಾ ಮಾಡಿಸುವವರೂ ಹೆಚ್ಚಿ, ಗುಜರಿಯವನು ಅದಕ್ಕೆ ಬೆಲೆ ಕಟ್ಟಿದ್ದಾನೆ. ಸದುಪಯೋಗ ಸದುಪಯೋಗವೆಂದು ನಾವು ಬೀಗುವ ವಸ್ತು ಇನ್ನೊಬ್ಬರ ಒಲೆಯಿಂದ ಎಳೆದದ್ದಾಗಿರಬಹುದೆಂಬುದನ್ನು ತೋಟಗಾರಿಕೆಯ ಪುಸ್ತಕಗಳು ಹೇಳುವುದಿಲ್ಲ. ನಾಲ್ಕಕ್ಕಿಂತ ಹೆಚ್ಚು ಪ್ಯಾಲೆಟ್ಟು ನಾವು ಮತ್ತೆ ಕೊಳ್ಳಲಿಲ್ಲ.

ಪ್ಯಾಲೆಟ್ಟಿನ ಪೈನ್ ಮರ ಸಾಗವಾನಿಯಲ್ಲ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಸಿಗುವ ಹಳೆಯ ವಾಡೆಗಳ ತೊಲೆಯಾದರೆ ಮೊಮ್ಮಕ್ಕಳ ಕಾಲಕ್ಕೂ ಬಂದೀತು. ಇದಕ್ಕೆ ಹಸಿ ಮಣ್ಣು ತಗುಲಿದರೆ ಎರಡು ಮಳೆಗಾಲ, ಹೆಚ್ಚೆಂದರೆ ಮೂರು. ಹೊರಮೈಗೆ ಅಗಸೆ ಎಣ್ಣೆ ಸವರಿದ್ದರಿಂದ ನಮ್ಮದು ಮೂರನೆಯದನ್ನೂ ಕಂಡಿತು. ಚಳಿಗಾಲದಲ್ಲಿ ಹಕ್ಕರಿಕೆ ಎದ್ದು ನಿಂತಾಗ ಆಕೆ ಬಂದು, "ಇಲ್ಲಿನೂ ಬರ್ತದೇನ್ರಿ ಇದು!" ಎಂದು ಎರಡು ಹಿಡಿ ಕಿತ್ತು, ಒಂದೆಲೆಯನ್ನು ಅಲ್ಲಿಯೇ ಬಾಯಿಗೆ ಹಾಕಿಕೊಂಡಳು. ಕಟ್ಟಡ ಮುಗಿಯುತ್ತ ಬಂದಿದೆ. ಸಂಕ್ರಾಂತಿಯಾದ ಮೇಲೆ ಅವರು ಬೇರೆ ನಿವೇಶನಕ್ಕೆ ಹೋಗುವರಂತೆ. ನಮ್ಮ ಎರಡನೆಯ ಮಡಿಯ ಒಂದು ಮೂಲೆ ಬಾಯಿಬಿಟ್ಟಿದೆ. ಅದನ್ನು ಬಿಚ್ಚಿ ಒಣಗಿಸಿದರೆ, ಅವರು ಹೊರಡುವ ಮೊದಲು ನಾಲ್ಕು ದಿನದ ಅಡಿಗೆಗಾದರೂ ಆದೀತು.