ಸೊಟ್ಟ ಮನೆಯ ಆಯಸ್ಸು

“ಲೆವೆಲ್ಲೇ ನೋಡಿಲ್ಲ ಕಣೋ ಇವರು!” ಅಂದ ಜೊತೆಗಿದ್ದ ಗೆಳೆಯ.

ನಮ್ಮೆದುರಿಗೆ ಕಂದಕದ ನೀರು, ನೀರಿನಾಚೆ ಲಿಟಲ್ ಮೋರ್ಟನ್ ಹಾಲ್. ಅವನು ಹೇಳಿದ್ದು ತಪ್ಪೇನೂ ಅಲ್ಲ. ಆ ಮನೆಯಲ್ಲಿ ನೆಟ್ಟಗಿರೋ ಗೆರೆ ಹುಡುಕಿದರೂ ಸಿಗಲ್ಲ. ಮೇಲಿನ ಮಹಡಿ ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿದೆ. ಅದರ ಮೇಲೆ ಉದ್ದಕ್ಕೂ ಗಾಜಿನ ಕಿಟಕಿಗಳ ಇನ್ನೊಂದು ಸಾಲು. ತಲೆ ಮೇಲೆ ಭತ್ತದ ಮೂಟೆ ಹೊತ್ತ ಮುದುಕನ ಹಾಗೆ ಇಡೀ ಮನೆ ಓಲಾಡುತ್ತ ನಿಂತಿದೆ. ನಿಂತು ನಾನೂರೈವತ್ತು ವರ್ಷ ದಾಟಿದೆ ಅನ್ನೋದೇ ಮಜಾ.

ಆರು ತಿಂಗಳ ಆನ್‌ಸೈಟ್ ಕೆಲಸಕ್ಕೆ ಮ್ಯಾಂಚೆಸ್ಟರಿಗೆ ಹೋಗಿದ್ದೆ. ಒಂದು ಶನಿವಾರ ಬಿಸಿಲು ಬಂತು. ಅಲ್ಲಿ ಬಿಸಿಲು ಬಂದರೆ ಮನೆಯೊಳಗೆ ಕೂರೋದು ಪಾಪ. ಹಾಗೆ ಕಾರು ಹತ್ತಿ ಚೆಷರ್ ಕೌಂಟಿಯ ಕಾಂಗಲ್ಟನ್ ಊರಿನ ಕಡೆ ಹೊರಟವರು ನಾವು. ಮನೆ ನೋಡೋಕೆ ದುಡ್ಡು ಕೊಟ್ಟು ಟಿಕೆಟ್ ತಗೋಬೇಕು ಅಂದಾಗ ಗೆಳೆಯ ಗೊಣಗಿದ. ನನಗೆ ಮಾತ್ರ ಒಳಗೆ ಹೋದ ಮೇಲೆ ಬೇಗ ಹೊರಗೆ ಬರೋಕೆ ಮನಸ್ಸಾಗಲಿಲ್ಲ. ಯಾಕೆ ಅಂತ ಹೇಳ್ತೀನಿ.

ಈ ಮನೆಯನ್ನು ಯಾರೂ ಒಂದೇ ಸಲ ಪ್ಲಾನ್ ಹಾಕಿ ಕಟ್ಟಿಲ್ಲ. ಮೋರ್ಟನ್ ಅನ್ನೋ ಜಮೀನ್ದಾರಿ ಮನೆತನದವರು 1504ರ ಆಸುಪಾಸಿನಲ್ಲಿ ನಡುಮನೆಯಂಥ ದೊಡ್ಡ ಹಜಾರದಿಂದ ಶುರು ಮಾಡಿದರು. 1559ರಲ್ಲಿ ಅಂಗಳದ ಕಡೆಗೆ ಚಾಚಿಕೊಂಡ ಎರಡು ದೊಡ್ಡ ಕಿಟಕಿಮಾಡ ಬಂದವು. 1560ರ ದಶಕದಲ್ಲಿ ದಕ್ಷಿಣದ ಸಾಲು, ಹೆಬ್ಬಾಗಿಲು. 1610ರ ಹೊತ್ತಿಗೆ ಅಡುಗೆಮನೆಯ ಕಡೆಗೊಂದು ಸಣ್ಣ ಸೇರ್ಪಡೆ. ನೂರು ವರ್ಷ, ಹಲವು ತಲೆಮಾರು, ಕೈಗೆ ಕಾಸು ಬಂದಾಗೆಲ್ಲ ಒಂದೊಂದು ತುಂಡು. ನಮ್ಮೂರಲ್ಲೂ ಹೀಗೇ ತಾನೇ? ಮಗನ ಮದುವೆಗೆ ಒಂದು ಕೋಣೆ, ಅಡಿಕೆಗೆ ರೇಟು ಬಂದ ವರ್ಷ ಒಂದು ಜಗಲಿ.

ಕಟ್ಟಿದ ರೀತಿ ಓದ್ತಾ ಹೋದ ಹಾಗೆ ನನಗೆ ನಮ್ಮ ಮಲೆನಾಡಿನ ಹಳೇ ಮನೆ ಎದುರಿಗೆ ಬಂದು ನಿಂತಂತಾಯ್ತು. ಭಾರ ಹೊರೋದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಮುಂಡಿಗೆ, ತೊಲೆ, ಅವುಗಳ ನಡುವೆ ಓರೆಯಾಗಿ ಕೊಟ್ಟ ಆನಿಕೆ. ಒಂದು ಮರದ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ತೂತಿಗೆ ಕೂರಿಸಿ, ಮರದ ಗೂಟ ಹೊಡೆದು ಬಿಗಿಯೋದು. ಓಕ್ ಮರವನ್ನು ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು. ಒಣಗಿದರೆ ಅದು ಉಳಿಗೆ ಬಗ್ಗಲ್ಲ. ಕಟ್ಟಿದ ಮೇಲೆ ಮರ ಒಣಗಿ, ಸೆಟೆದು, ತಿರುಚಿಕೊಂಡು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತೆ. ಅಂದರೆ ಸೊಟ್ಟಗಾಗೋದು ಅದರ ಹುಟ್ಟುಗುಣ. ಚೌಕಟ್ಟಿನ ನಡುವಿನ ಖಾಲಿ ಜಾಗಕ್ಕೆ ಕೋಲುಗಳ ತಡಿಕೆ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತೋದು. ಇಂಗ್ಲೆಂಡಿನ ಜಮೀನ್ದಾರನ ಮನೆಯ ಗೋಡೆಯೊಳಗೂ ಸಗಣಿಯೇ!

ಆ ಕಾಲದ ಬಡಗಿಗಳು ಚೌಕಟ್ಟನ್ನು ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ಪ್ರತಿ ಸಂದಿಗೂ ಉಳಿಯಿಂದ ಗೀಟು ಹಾಕಿ ಗುರುತು ಮಾಡ್ತಿದ್ದರು. ಆಮೇಲೆ ಬಿಚ್ಚಿ, ಜಾಗಕ್ಕೆ ತಂದು, ಮೂರು ಗೀಟಿನ ತೊಲೆಗೆ ಮೂರು ಗೀಟಿನ ಮುಂಡಿಗೆ ಹುಡುಕಿ ನಿಲ್ಲಿಸೋದು. ಐಕಿಯಾದವರು ಹುಟ್ಟೋ ಎಷ್ಟೋ ಮುಂಚೆ.

ಇನ್ನು ಮನೆ ಓಲಾಡೋ ವಿಷಯಕ್ಕೆ ಬರೋಣ. ತಪ್ಪೆಲ್ಲ ಮೇಲುಗಡೆಯ ಆ ಗಾಜಿನ ಸಾಲಿನದು. ಅದರ ಹೆಸರು ಲಾಂಗ್ ಗ್ಯಾಲರಿ, 68 ಅಡಿ ಉದ್ದ. ಮಳೆಗಾಲದಲ್ಲಿ ಮನೆಯೊಳಗೇ ವಾಕಿಂಗ್ ಮಾಡೋಕೆ, ಆಟ ಆಡೋಕೆ ಇಂಥದ್ದೊಂದು ಇರಬೇಕು ಅನ್ನೋದು ಆಗಿನ ಶ್ರೀಮಂತರ ಹೊಸ ಫ್ಯಾಷನ್. ಇಲ್ಲಿನ ಮರದ ಹಲಗೆಗಳ ಹಿಂದೆ ಹಳೇ ಟೆನಿಸ್ ಚೆಂಡುಗಳೂ ಸಿಕ್ಕಿವೆ. ಕಟ್ಟಡಗಳ ಇತಿಹಾಸ ಬಲ್ಲವರು ಹೇಳೋ ಪ್ರಕಾರ ಇದು ಮೊದಲ ಯೋಜನೆಯಲ್ಲಿ ಇರಲೇ ಇಲ್ಲ, ಆಮೇಲೆ ಹೊಳೆದದ್ದು. ಅಂದರೆ ಕೊನೇ ಗಳಿಗೆಯಲ್ಲಿ ಬಂದ ಚೇಂಜ್ ರಿಕ್ವೆಸ್ಟ್! ಕ್ಲೈಂಟ್ ಕೇಳಿದ, ಇವರು ಆಗಲ್ಲ ಅನ್ನಲಿಲ್ಲ. ಸಾಲದ್ದಕ್ಕೆ ಅದರ ಮಾಡಿಗೆ ಹೊದಿಸಿದ್ದು ಭಾರೀ ತೂಕದ ಕಲ್ಲುಚಪ್ಪಡಿ. ಕೆಳಗಿನ ತೊಲೆಗಳು ಬಾಗಿದವು, ನೆಲ ಅಲೆಯಾಯ್ತು, ಗೋಡೆ ಹೊರಕ್ಕೆ ಉಬ್ಬಿತು. ಮುಂದಿನವರು ಮಾಡಿಗೆ ಅಡ್ಡತೊಲೆ ಕೊಟ್ಟು ಬಿಗಿದರು. ಅವರ ನಂತರದವರು ಉಕ್ಕಿನ ಸರಳು ಹಾಕಿದರು. ಕಟ್ಟಿದವರ ತಪ್ಪನ್ನು ಯಾರೂ ಅಳಿಸಲಿಲ್ಲ, ಪ್ರತಿ ತಲೆಮಾರೂ ಒಂದೊಂದು ಆನಿಕೆ ಕೊಟ್ಟಿತು ಅಷ್ಟೇ.

ಆ ಗ್ಯಾಲರಿಯ ಏರಿಳಿತದ ನೆಲದ ಮೇಲೆ ಹುಷಾರಾಗಿ ಕಾಲಿಡುತ್ತಿದ್ದಾಗ ನನಗೆ 2017ರ ಆಗಸ್ಟ್ ನೆನಪಾಯ್ತು.

ಆ ವರ್ಷದ ಮಳೆಗೆ ನಮ್ಮ ಮನೆಯ ತೆಂಕಣ ಗೋಡೆ ವಾಲಿತು. ಅಪ್ಪಯ್ಯ ವಾಟ್ಸಾಪಿನಲ್ಲಿ ಏಳೆಂಟು ಫೋಟೋ ಕಳಿಸಿದರು. ನಾನು ಬೆಂಗಳೂರಿನಲ್ಲಿ ಎರಡು ಮೀಟಿಂಗುಗಳ ನಡುವೆ ಅವನ್ನು ನೋಡಿದೆ. “ಒಂದೆರಡು ತೊಲೆ ಬದಲಾಯಿಸಿದ್ರೆ ನಿಲ್ತದೆ ಅಂತಾರೆ ಆಚಾರ್ರು” ಅಂದರು ಅಪ್ಪಯ್ಯ. “ಇವತ್ತು ಅದು, ನಾಳೆ ಇನ್ನೊಂದು. ಕೆಡವಿಸಿಬಿಡಿ, ದುಡ್ಡು ನಾನು ಕಳಿಸ್ತೀನಿ” ಅಂದೆ. ಐದು ನಿಮಿಷದ ಮಾತು. ಮೀಟಿಂಗಿಗೆ ತಡ ಆಗ್ತಿತ್ತು. ಮನೆ ವಾಲಿದ ಮೇಲೆ ಅದರ ಕಥೆ ಮುಗೀತು ಅಂತ ನಾನು ನಿಜವಾಗಿಯೂ ನಂಬಿದ್ದೆ. ಬಿಇ ಓದಿದ ಮಗನ ಮಾತಿನ ಮುಂದೆ ಆಚಾರ್ರ ಮಾತು ನಿಲ್ಲಲಿಲ್ಲ. ದೀಪಾವಳಿಗೆ ಹೋದಾಗ ಅಲ್ಲಿ ಬಯಲಿತ್ತು. ಮರವನ್ನೆಲ್ಲ ಲಾರಿ ಲೆಕ್ಕದಲ್ಲಿ ಮಾರಿಯಾಗಿತ್ತು.

ಹಾಗಾದರೆ ಈ ಸೊಟ್ಟ ಮನೆ ಹೇಗೆ ಬದುಕಿತು? ಇದಕ್ಕೆ ಸಿಕ್ಕ ಉತ್ತರ ನಾನು ಅಂದುಕೊಂಡ ಹಾಗಿರಲಿಲ್ಲ. ಯಾರೋ ಪ್ರೀತಿಯಿಂದ ಕಾಪಾಡಿದರು ಅನ್ನೋದು ಆಮೇಲಿನ ಮಾತು, ಮೊದಲು ಉಳಿಸಿದ್ದು ಬಡತನ. 1640ರ ದಶಕದ ಅಂತರ್ಯುದ್ಧದಲ್ಲಿ ಮೋರ್ಟನ್ನರು ರಾಜನ ಕಡೆಗೆ ನಿಂತು ಸೋತರು. ಮನೆ ವಾಪಸ್ ಸಿಕ್ಕಿತು, ಜೊತೆಗೆ ಸಾಲವೂ ಬಂತು. ಮುಂದೆ ಅವರು ಬಿಟ್ಟುಹೋದರು, ಗೇಣಿ ರೈತರು ಸೇರಿಕೊಂಡರು. ದುಡ್ಡಿದ್ದ ಬೇರೆ ಮನೆತನಗಳು ಮರದ ಮನೆ ಕೆಡವಿ ಇಟ್ಟಿಗೆಯಲ್ಲಿ, ಕಲ್ಲಿನಲ್ಲಿ ಹೊಸದು ಕಟ್ಟಿಕೊಂಡಾಗ ಇವರಿಗೆ ಕೆಡವೋಕೂ ಕಾಸಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಅವರ ಪ್ರಾರ್ಥನಾ ಕೋಣೆಯಲ್ಲಿ ಕಲ್ಲಿದ್ದಲು ತುಂಬಿಟ್ಟಿದ್ದರಂತೆ.

ಪ್ರೀತಿ ಬಂದದ್ದು ಆಮೇಲೆ. ಪಾಳು ಬೀಳ್ತಿದ್ದ ಈ ಮನೆ ಎಲಿಜಬೆತ್ ಮೋರ್ಟನ್ ಎಂಬ ಸನ್ಯಾಸಿನಿಯ ಪಾಲಿಗೆ ಬಂತು. ಆಕೆ ಪ್ರಾರ್ಥನಾ ಕೋಣೆಯನ್ನು ರಿಪೇರಿ ಮಾಡಿಸಿದಳು. 1912ರಲ್ಲಿ ಮನೆ ಆಕೆಯ ಸಂಬಂಧಿ ಬಿಷಪ್ ಅಬ್ರಹಾಮ್ ಅವರಿಗೆ ಹೋಯಿತು, ಎಂದೂ ಮಾರಕೂಡದು ಎಂಬ ಷರತ್ತಿನ ಜೊತೆ. ಅವರು 1938ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. 1977ರಲ್ಲಿ ಮಾಡಿನ ಕಲ್ಲು ಸಡಿಲವಾಗಿದ್ದು ಗೊತ್ತಾಗಿ, ಟ್ರಸ್ಟಿನವರು ಹಂತಹಂತವಾಗಿ ದೊಡ್ಡ ರಿಪೇರಿ ಕೈಗೊಂಡರು. ಹೊಸದಾಗಿ ಹಾಕಿದ ಮರಕ್ಕೆ ಅವರು ಬಣ್ಣ ಬಳಿಯಲಿಲ್ಲ. ಕ್ಯಾಲೆಂಡರುಗಳಲ್ಲಿ ನಾವು ನೋಡೋ ಕಪ್ಪು ಮರ, ಬಿಳಿ ಗೋಡೆ ಇದೆಯಲ್ಲ, ಅದು ವಿಕ್ಟೋರಿಯಾ ರಾಣಿಯ ಕಾಲದವರು ಹಚ್ಚಿದ ಬಣ್ಣ. ಓಕ್ ತನ್ನಷ್ಟಕ್ಕೆ ತಾನು ಬಿಸಿಲುಮಳೆಗೆ ಬೂದಿ ಬಣ್ಣಕ್ಕೆ ತಿರುಗುತ್ತೆ. ಹಾಗಾಗಿ ಹೊರಗಿನ ಎಷ್ಟೋ ಮರಗಳಿಂದ ಆ ಕಪ್ಪನ್ನೂ ತೆಗೆದಿದ್ದಾರೆ.

ಇಷ್ಟೆಲ್ಲ ಬರೆದು, ಹಳೇ ಮನೆ ಕೆಡವಬೇಡಿ ಅಂತ ನಿಮಗೆ ಉಪದೇಶ ಮಾಡೋ ಮುಖ ನನಗಿಲ್ಲ. ಆ ಮನೆಯಲ್ಲಿ ನಲವತ್ತು ಮಳೆಗಾಲ ಸೋರೋ ಕಡೆಗೆಲ್ಲ ಪಾತ್ರೆ ಇಟ್ಟವಳು ಅಮ್ಮ. ಒರಲೆ ಗೂಡು ಕೆಡವಿ, ಒದ್ದೆ ಕಟ್ಟಿಗೆ ಊದಿ ಕಣ್ಣು ಕೆಂಪು ಮಾಡಿಕೊಂಡವಳೂ ಅವಳೇ. ಹೊಸ ಮನೆಯ ಮೊದಲ ಮಳೆಗಾಲದಲ್ಲಿ “ರಾತ್ರಿ ಎಚ್ಚರಾನೇ ಆಗ್ಲಿಲ್ಲ ಮಾರಾಯ” ಅಂದಳು. ಅಲ್ಲಿ ಟ್ರಸ್ಟು, ಟಿಕೆಟ್ಟು, ನುರಿತ ಬಡಗಿಗಳು ಎಲ್ಲ ಇದ್ದಾರೆ. ನಮ್ಮಲ್ಲಿ ಆ ಟ್ರಸ್ಟಿನ ಕೆಲಸವನ್ನೆಲ್ಲ ಅಮ್ಮ ಒಬ್ಬಳೇ, ಸಂಬಳವಿಲ್ಲದೆ ಮಾಡ್ತಿದ್ದಳು. ಆದ್ದರಿಂದ ಕೆಡವಿದ್ದೇ ತಪ್ಪು ಅಂತ ಹೇಳಲಾರೆ. ಆಚಾರ್ರನ್ನು ಒಂದು ಮಾತು ಕೇಳದೆ ಐದು ನಿಮಿಷದಲ್ಲಿ ತೀರ್ಮಾನ ಮಾಡಿದ್ದು ತಪ್ಪು. ಅದು ಈಗಲೂ ಚುಚ್ಚುತ್ತೆ.

ಹೊರಡೋ ಮುಂಚೆ ಅಂಗಳದಲ್ಲಿ ಆ 1559ರ ಕಿಟಕಿಮಾಡಗಳ ಕೆಳಗೆ ನಿಂತೆವು. ಮೇಲೆ ಮರದಲ್ಲಿ ಅಕ್ಷರ ಕೆತ್ತಿದ್ದಾರೆ. ಮೊದಲು ದೇವರ ಹೆಸರು, ಆಮೇಲೆ ಯಜಮಾನ ವಿಲಿಯಂ ಮೋರ್ಟನ್ ಹೆಸರು, ಇಸವಿ. ಅದರ ಜೊತೆಗೇ ಇನ್ನೊಂದು ಸಾಲು: ಈ ಕಿಟಕಿಗಳನ್ನು ಮಾಡಿದವನು ಬಡಗಿ ರಿಚರ್ಡ್ ಡೇಲ್, ದೇವರ ದಯೆಯಿಂದ. ಸ್ಪೆಲಿಂಗು ಇವತ್ತಿನ ಕಣ್ಣಿಗೆ ತಪ್ಪುತಪ್ಪು. “ವಿಂಡೋಸ್ ಇನ್‌ಸ್ಟಾಲ್ ಮಾಡಿ ಹೆಸರು ಹಾಕ್ಕೊಂಡ ಮೊದಲ ಇಂಜಿನಿಯರ್” ಅಂತ ಗೆಳೆಯ ನಕ್ಕ. ನಾನೂ ನಕ್ಕೆ.

ರೂಮಿಗೆ ಬಂದವನು ಮರುದಿನ ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ.

“ಅಪ್ಪಯ್ಯ, ನಮ್ಮ ಹಳೇ ಮನೆ ಕಟ್ಟಿದ ಆಚಾರ್ರ ಹೆಸರೇನು?”

“ಅದ್ನೆಲ್ಲ ಯಾರು ಬರ್ದಿಡ್ತಾರೆ ಮಾರಾಯ? ಘಟ್ಟದ ಕೆಳಗಿಂದ ಬಂದಿದ್ರು, ಒಂದು ಬೇಸಿಗೆ ಪೂರಾ ಜಗಲಿ ಮೇಲೇ ಮಲಗ್ತಿದ್ರು ಅಂತ ನನ್ನ ಅಜ್ಜ ಹೇಳ್ತಿದ್ರು.” ಸ್ವಲ್ಪ ಹೊತ್ತು ಬಿಟ್ಟು ಅಂದರು, “ಒಂದು ಮುಂಡಿಗೆ ಮಾರ್ಲಿಲ್ಲ. ಕೊಟ್ಟಿಗೇಲಿ ಹಾಕಿದೀನಿ. ದನ ಕಟ್ಟಕ್ಕೆ ಬೇಕಿತ್ತು.”

ಸಂಜೆ ಫೋಟೋ ಬಂತು. ದನ ಮೈ ಉಜ್ಜಿ ಉಜ್ಜಿ ನುಣುಪಾದ ಮುಂಡಿಗೆ. ಮೇಲ್ತುದಿಯಲ್ಲಿ, ತೊಲೆ ಕೂರುತ್ತಿದ್ದ ತೂತಿನ ಪಕ್ಕ, ಉಳಿಯಿಂದ ಹಾಕಿದ ನಾಲ್ಕು ಗೀಟು.

ಒರಲೆ ಹಿಡಿಯದ ಹಾಗೆ ಗೇರು ಎಣ್ಣೆ ಬಳೀರಿ ಅಂತ ಮೆಸೇಜ್ ಹಾಕಿದೆ. “ನೀನೇ ಬಂದು ಬಳಿ” ಅಂತ ಉತ್ತರ ಬಂತು.