ಒಳಮಡಿಕೆಯ ಲೆಕ್ಕ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಮಂಗಳೂರು ಬದಿಯ ಕೂಳೂರಿನ ಮನೆಗಳಲ್ಲಿ ಎರಡು ಗಡಿಬಿಡಿ. ಮಳೆ ಹಿಡಿಯುವ ಮೊದಲು ಮಾಡಿನ ಹಂಚು ಸರಿಯಾಗಬೇಕು, ಶಾಲೆ ತೆರೆಯುವ ಮೊದಲು ಮಕ್ಕಳ ಸಮವಸ್ತ್ರ ಆಗಬೇಕು. ಟೈಲರ್ ಅಂಗಡಿಗೆ ಹೋದರೆ, "ಈಗ ಆಗ್ಲಿಕ್ಕಿಲ್ಲ, ಜೂನ್ ಹತ್ತು ಕಳೆದು ಬನ್ನಿ" ಎಂಬ ಉತ್ತರ. ಆಗ ಮೂಲೆಯ ಹೊಲಿಗೆ ಮಷಿನ್ ಮೇಲೆ ವರ್ಷವಿಡೀ ಪೇರಿಸಿಟ್ಟಿದ್ದ ಹಳೆ ಪೇಪರು, ಇಸ್ತ್ರಿಪೆಟ್ಟಿಗೆ ಎಲ್ಲ ಕೆಳಗಿಳಿಯುತ್ತವೆ. ಮಷಿನ್‌ಗೆ ಎರಡು ಹನಿ ಎಣ್ಣೆ ಬೀಳುತ್ತದೆ.

ಕಷ್ಟವಿರುವುದು ಹೊಲಿಗೆಯಲ್ಲಲ್ಲ, ಅಳತೆಯಲ್ಲಿ. ಟೇಪು ಸೊಂಟಕ್ಕೆ ತಾಗಿದ ಕೂಡಲೇ ಹುಡುಗ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ. "ಉಸಿರು ಬಿಡು ಮಾರಾಯ, ಊಟ ಮಾಡಿದ ಮೇಲೆ ಗುಂಡಿ ಹಾಕ್ಲಿಕ್ಕಾಗ್ಬೇಕಲ್ಲ!" ಎಂದು ಅಮ್ಮ ಗದರಬೇಕು. ಹಾಗೆ ಗದರಿ ತೆಗೆದ ಅಳತೆಯೂ ಮುಂದಿನ ದೀಪಾವಳಿಗೆ ಸುಳ್ಳಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಂತೆ 2 ವರ್ಷದ ಗಂಡುಮಗುವಿನ ಎತ್ತರ ಸುಮಾರು 87 ಸೆಂಟಿಮೀಟರ್, 5 ತುಂಬುವಾಗ 110. ಮೂರು ವರ್ಷಕ್ಕೆ ಒಂಬತ್ತು ಇಂಚು! ಆದರೆ ಸೊಂಟ ಅಷ್ಟು ಅವಸರ ಮಾಡುವುದಿಲ್ಲ. ಈ ವಯಸ್ಸಿನ ಮಕ್ಕಳು ಅಗಲವಾಗುವುದಕ್ಕಿಂತ ಬೇಗ ಉದ್ದವಾಗುತ್ತಾರೆ. ಮನೆಹೊಲಿಗೆಯ ಜಾಣತನವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಹಾಗಾಗಿ ಲಂಗದ ಅಂಚಿನಲ್ಲಿ ಮೂರು-ನಾಲ್ಕು ಇಂಚು ಒಳಮಡಿಕೆ. ಅದರ ಮೇಲೆ ಅಂದಕ್ಕೆಂದು ತೋರುವ ಒಂದೆರಡು ಟಕ್. ಅಸಲಿಗೆ ಅದು ಮುಂದಿನ ವರ್ಷದ ಬಟ್ಟೆ. ಚಡ್ಡಿಯ ಹಿಂದಿನ ಹೊಲಿಗೆಯಲ್ಲಿ ಒಂದಿಂಚು ಹೆಚ್ಚಿಗೆ, ಸೊಂಟಕ್ಕೆ ಎಲಾಸ್ಟಿಕ್. ಹತ್ತಿ ಬಟ್ಟೆಯಾದರೆ ಕತ್ತರಿಸುವ ಮೊದಲೇ ರಾತ್ರಿಯಿಡೀ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಬಿಟ್ಟ ಒಳಮಡಿಕೆಯನ್ನು ಮೊದಲ ಒಗೆತವೇ ನುಂಗುತ್ತದೆ. ವರ್ಷ ಕಳೆದ ಮೇಲೆ ಮಡಿಕೆ ಬಿಚ್ಚುವುದು ಬ್ಲೇಡಿನ ಕೆಲಸ. ಮೂರು ಹೊಲಿಗೆಗೊಂದು ಕಡಿದು, ನೂಲಿನ ತುದಿ ಹಿಡಿದೆಳೆದರೆ ಸರ್ರನೆ ಬರುತ್ತದೆ. ಒಳಗಿನ ಬಟ್ಟೆ ಅಂಗಡಿಯಿಂದ ತಂದ ದಿನದಷ್ಟೇ ನೀಲಿ, ಹೊರಗಿನದು ಬಿಸಿಲಿಗೆ ಮಾಸಿದ ನೀಲಿ, ಎರಡರ ನಡುವೆ ಎಷ್ಟು ಇಸ್ತ್ರಿ ಹಾಕಿದರೂ ಹೋಗದ ಗೆರೆ. ಮನೆಯಲ್ಲಿ ಹಾಕುವ ಫ್ರಾಕಾದರೆ ಗೆರೆಯ ಮೇಲೊಂದು ಲೇಸ್ ಹೊಡೆದರಾಯಿತು. ಸಮವಸ್ತ್ರಕ್ಕೆ ಆ ಉಪಾಯವಿಲ್ಲ. ತರಗತಿಯಲ್ಲಿ ಗೆರೆ ಕಾಣುತ್ತದೆ ಎಂದು ಮುಖ ಊದಿಸುವ ಮಗಳು ಹೇಳುವುದರಲ್ಲೂ ತಪ್ಪಿಲ್ಲ.

ಈ ಕೆಲಸಕ್ಕೆಲ್ಲ ಆಸರೆಯಾದ ಮಷಿನ್‌ನದೂ ಒಂದು ಕಥೆ. 1924ರಲ್ಲಿ ಯಂತ್ರಗಳ ವಿರುದ್ಧ ವಾದಿಸುತ್ತಿದ್ದ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲೇ ಹೊಲಿದು ಬಳಲುವುದನ್ನು ಕಂಡು ಸಿಂಗರ್ ಅದನ್ನು ಮಾಡಿದನೆಂದು ಅವರು ನಂಬಿದ್ದರು. 1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್ ಅಷ್ಟೊಂದು ಸದ್ಗೃಹಸ್ಥನೇನೂ ಅಲ್ಲ. ಆತನಿಗೆ ಹಲವು ಸಂಸಾರ, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಅಷ್ಟು ಮಕ್ಕಳ ಬಟ್ಟೆಯ ಲೆಕ್ಕ ಹಾಕಿದರೆ ಯಂತ್ರ ಬೇಕಾಗಿದ್ದುದಂತೂ ನಿಜ! ನಮ್ಮ ಮನೆಗಳಿಗೆ ಹೆಚ್ಚಾಗಿ ಬಂದದ್ದು 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಉಷಾ, ಅದೂ ಎಷ್ಟೋ ಕಡೆ ಮದುವೆಯ ಉಡುಗೊರೆಯಾಗಿ.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರದ ಬಟ್ಟೆ ಪುಕ್ಕಟೆ ಬರುತ್ತದೆ. ಹೊಲಿಸುವ ಖರ್ಚು ಹೆಚ್ಚಾಗಿ ಹೆತ್ತವರದೇ. ಮನೆಯ ಮಷಿನ್ ಈಗಲೂ ದುಡ್ಡು ಉಳಿಸುವುದು ಅಲ್ಲೇ. ಉಳಿದಂತೆ ಉಳಿತಾಯದ ಮಾತು ಹಳೆಯದಾಯಿತು. ಕೂಳೂರಿನಿಂದ ಬಸ್ಸು ಹತ್ತಿ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಲ್ಲಿಳಿದು, ಬಟ್ಟೆ, ಲೈನಿಂಗ್, ಗುಂಡಿ, ನೂಲು ಎಲ್ಲ ತಂದು ಹೊಲಿದ ಫ್ರಾಕಿಗಿಂತ ಸಂತೆಯ ರೆಡಿಮೇಡ್ ಎಷ್ಟೋ ಸಲ ಅಗ್ಗ.

ಆದರೂ ಅಷ್ಟಮಿ ಹತ್ತಿರ ಬಂದಾಗ ಮಷಿನ್ ಮತ್ತೆ ಸದ್ದು ಮಾಡುತ್ತದೆ. ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಕಲ್ಕೂರ ಪ್ರತಿಷ್ಠಾನ ನಡೆಸುವ ಕೃಷ್ಣವೇಷ ಸ್ಪರ್ಧೆಗೆ ಊರೂರಿನಿಂದ ಮಕ್ಕಳು ಬರುತ್ತಾರೆ. ಕಂದ ಕೃಷ್ಣ, ಮುದ್ದು ಕೃಷ್ಣ, ತುಂಟ ಕೃಷ್ಣ, ಬಾಲಕೃಷ್ಣ, ಕಿಶೋರ ಕೃಷ್ಣ ಎಂದು ಅಲ್ಲಿ ವಿಭಾಗಗಳೇ ಬೆಳೆಯುತ್ತ ಹೋಗುತ್ತವೆ. ವೇಷ ಬಾಡಿಗೆಗೂ ಸಿಗುತ್ತದೆ. ಆದರೆ ಬಾಡಿಗೆಯ ಪೀತಾಂಬರ ಜಾರಿ ಬೀಳುವುದನ್ನು ಒಮ್ಮೆ ಕಂಡ ತಾಯಂದಿರು ಅಜ್ಜಿಯ ಹಳದಿ ಸೀರೆಗೆ ಕತ್ತರಿ ಹಾಕುತ್ತಾರೆ. ನೆರಿಗೆಯನ್ನು ಮೊದಲೇ ಹೊಲಿದು, ಸೊಂಟಕ್ಕೆ ಎಲಾಸ್ಟಿಕ್ ಕೊಟ್ಟರೆ ಯಾವ ಕೃಷ್ಣನೂ ವೇದಿಕೆಯಲ್ಲಿ ಪಂಚೆ ಹಿಡಿದುಕೊಂಡು ನಿಲ್ಲಬೇಕಿಲ್ಲ. ಮುಂದಿನ ವರ್ಷ ಅದೇ ಸೀರೆಯ ಜರಿಯಂಚನ್ನು ಕೆಳಗೆ ಜೋಡಿಸಿದರೆ ಕಂದ ಕೃಷ್ಣನ ಪೀತಾಂಬರ ಮುದ್ದು ಕೃಷ್ಣನಿಗೂ ಆಗುತ್ತದೆ. ಜೋಡಿಸಿದ್ದೆಂದು ಯಾರಿಗೂ ತಿಳಿಯುವುದಿಲ್ಲ, ಅಂಚು ಇರಬೇಕಾದ್ದೇ ಅಲ್ಲಿ.

ರೆಡಿಮೇಡ್ ಬೇಡವೆಂದು ಹೇಳುವ ಕಾಲ ಇದಲ್ಲ. ಕೆಲಸಕ್ಕೆ ಹೋಗುವ ಅಮ್ಮನಿಗೆ ಕಾಜ ಹಾಕುತ್ತ ಕೂರಲು ಪುರುಸೊತ್ತೆಲ್ಲಿ? ಆದರೆ ಅಂಗಡಿಯಲ್ಲಿ ಮಗುವಿನ ಲಂಗವನ್ನೋ ಪ್ಯಾಂಟನ್ನೋ ಕೊಳ್ಳುವಾಗ ಒಮ್ಮೆ ಒಳಮಗ್ಗುಲು ತಿರುಗಿಸಿ ನೋಡಿ. ಮಡಿಕೆ ಬರೀ ಅರ್ಧ ಇಂಚಿದ್ದರೆ, ಎರಡಿಂಚಿನದು ಇದೆಯೇ ಎಂದು ಕೇಳಿ. ನಾಲ್ಕು ಜನ ಕೇಳಿದರೆ ಅಂಗಡಿಯವರೂ ತರಿಸುತ್ತಾರೆ.