ಗರ್ಭಕಂಠದ ಸೋಂಕೂ ಗೃಹಿಣಿಯ ಲಜ್ಜೆಯೂ

ಮನೆಮಂದಿಯ ಜ್ವರ ಕೆಮ್ಮುಗಳನ್ನು ಮುಖ ನೋಡಿದ ಮಾತ್ರಕ್ಕೆ ಗುರುತಿಸಬಲ್ಲ ನಮ್ಮ ಗೃಹಿಣಿಯರು ತಮ್ಮ ಶರೀರದ ವಿಷಯದಲ್ಲಿ ಮಾತ್ರ ತುಟಿ ಬಿಚ್ಚಲಾರರು. ಹೊನ್ನಾಳಿ ನ್ಯಾಮತಿಗಳ ಗದ್ದೆಗಳಲ್ಲಿ, ಚನ್ನಗಿರಿಯ ಅಡಕೆಯ ಸುಗ್ಗಿಯಲ್ಲಿ, ಜಗಳೂರಿನ ಮಳೆ ನಂಬಿದ ಹೊಲಗಳಲ್ಲಿ ದುಡಿಯುವ ಹೆಂಗಸಿಗೆ ಬಿಡುವೂ ಕಡಮೆ; ಲಜ್ಜೆಯಂತೂ ಅದಕ್ಕಿಂತ ದೊಡ್ಡ ತಡೆ.

ಜಗಳೂರಿನಲ್ಲಿರುವ ನಮ್ಮ ಅತ್ತಿಗೆಯವರಿಗೆ ದಾದಿಯೊಬ್ಬರು ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಿರೆಂದರಂತೆ. ಅವರು ನನ್ನೊಡನೆ, “ಅದು ನಡತೆಗೆಟ್ಟವರಿಗೆ ಬರುವ ರೋಗವಂತಲ್ಲಮ್ಮ, ನಾನು ಹೋದರೆ ಕಂಡವರು ಏನೆಂದುಕೊಂಡಾರು?” ಎಂದರು. ಇಂತಹ ಸಂದೇಹವು ಅನೇಕ ಸೋದರಿಯರ ಮನಸ್ಸಿನಲ್ಲಿ ಇರುವುದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಈ ಸೋಂಕಿಗೆ ಕಾರಣವಾದ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನಲ್ಲಿ 200ಕ್ಕೂ ಹೆಚ್ಚು ಬಗೆಗಳುಂಟು. ಗರ್ಭಕಂಠದ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಪಾಲು 16 ಮತ್ತು 18ನೆಯ ಬಗೆಗಳಿಂದ ಉಂಟಾಗುವುದು. ಈ ಕಾರ್ಯಕಾರಣ ಸಂಬಂಧವನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಎಂಬ ಪಂಡಿತರಿಗೆ 2008ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ದಾಂಪತ್ಯ ನಡೆಸುವ ಬಹುಮಂದಿ ಸ್ತ್ರೀಪುರುಷರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುವುದು. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗಿ ನಶಿಸುವುದು. ಹಾಗಿರುವಾಗ ಇದು ದುರ್ನಡತೆಯ ಗುರುತಾಗುವುದು ಹೇಗೆ?

ಸಂಗಾತಿಗಳು ಹೆಚ್ಚಿದಷ್ಟೂ ಸೋಂಕಿನ ಸಂಭವ ಹೆಚ್ಚೆಂಬುದು ನಿಜ. ಆದರೆ ಪತಿಯೊಬ್ಬನನ್ನೇ ಅರಿತ ಸಾಧ್ವಿಗೂ ಅವನ ಹಿಂದಿನ ಅಥವಾ ಹೊರಗಿನ ಸಂಬಂಧದಿಂದ ಅದು ಬರಬಹುದು. ಎಳೆಯ ವಯಸ್ಸಿನ ದಾಂಪತ್ಯವು ಇನ್ನೊಂದು ಕಾರಣ; ಬಲಿಯದ ಗರ್ಭಕಂಠವು ವೈರಸ್ಸಿಗೆ ಸುಲಭವಾಗಿ ಎಡೆಗೊಡುವುದು. ಮೈಸೂರು ಸಂಸ್ಥಾನವು 1894ರಲ್ಲಿಯೇ ಶಿಶುವಿವಾಹವನ್ನು ತಡೆಯಲು ಶಾಸನ ಮಾಡಿತು. 2006ರ ಕಾಯಿದೆಯ ಮೇರೆಗೆ ಹೆಣ್ಣಿಗೆ 18 ತುಂಬದೆ ಮದುವೆ ಕೂಡದು. ಎಚ್.ಐ.ವಿ. ಮೊದಲಾದವುಗಳಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿಯೂ, ಧೂಮಪಾನ ಮಾಡುವವರಲ್ಲಿಯೂ ಸೋಂಕು ಬೇರೂರಿ ನಿಲ್ಲುವುದುಂಟು. ಹಾಗೆ ನಿಂತಲ್ಲಿ, ಹೆರಿಗೆಗಳು ಹೆಚ್ಚಾದರೆ ಅಥವಾ ಗರ್ಭನಿರೋಧಕ ಮಾತ್ರೆಗಳನ್ನು ಬಹುಕಾಲ ಸೇವಿಸಿದರೆ ಕ್ಯಾನ್ಸರಿನ ಅಪಾಯವು ಏರುವುದು. ಆದರೂ ವೈದ್ಯರನ್ನು ಕೇಳದೆ ಮಾತ್ರೆಯನ್ನು ಬಿಡಬಾರದು. ನಿರೋಧದ ಬಳಕೆಯಿಂದ ಸೋಂಕು ತಗ್ಗುವುದೇ ಹೊರತು ಪೂರ್ತಿಯಾಗಿ ತಪ್ಪುವುದಿಲ್ಲ.

ಇವುಗಳಲ್ಲಿ ಎಷ್ಟು ಹೆಂಗಸಿನ ಕೈಯಲ್ಲಿವೆ? ಮದುವೆಯ ವಯಸ್ಸನ್ನು ಗೊತ್ತುಮಾಡುವವರು ಹಿರಿಯರು. ಪತಿಯ ನಡತೆಗೆ ಪತಿಯೇ ಹೊಣೆ. ಅಪವಾದ ಮಾತ್ರ ಆಕೆಯ ಪಾಲಿಗೆ!

ಸಮಾಧಾನದ ಸಂಗತಿಯೆಂದರೆ ಈ ವ್ಯಾಧಿಯು ನಿಧಾನಿ. ಸೋಂಕು ಕ್ಯಾನ್ಸರಾಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುವುದು. ನಿರೋಧಶಕ್ತಿ ಕುಂದಿದವರಲ್ಲಿ ಇದಕ್ಕಿಂತ ಬೇಗ. ಈ ನಡುವೆ ಪರೀಕ್ಷಿಸಿದರೆ ರೋಗವನ್ನು ಮೊಳಕೆಯಲ್ಲಿಯೇ ಚಿವುಟಬಹುದು. ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ದಾಟಿದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆಯನ್ನು ವಿಧಿಸಿದೆ: ತೆಳುವಾದ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಸವರಿ, ಬಿಳಿಯ ಮಚ್ಚೆಗಳು ಕಾಣುವುವೇ ಎಂದು ನೋಡುವರು. ಕೆಲವೇ ನಿಮಿಷಗಳ ಕೆಲಸ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆಯು ಶ್ರೇಷ್ಠವಾದ ರಕ್ಷೆ. ಆದರೆ ಅದು ಈಗಾಗಲೇ ತಗಲಿದ ಸೋಂಕನ್ನು ಗುಣಪಡಿಸದು. ಲಸಿಕೆ ಪಡೆದವರೂ ಮುಂದೆ ಪರೀಕ್ಷೆಯನ್ನು ಬಿಡುವಂತಿಲ್ಲ.

ಅಕಾಲದಲ್ಲಿ ರಕ್ತಸ್ರಾವ, ಕೂಡಿದ ಬಳಿಕ ರಕ್ತ, ದುರ್ವಾಸನೆಯ ಬಿಳುಪು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸುವುದು—ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಈ ಪುಟವನ್ನು ಓದುವ ಯಜಮಾನರು ಮಡದಿಗೆ ಒಂದು ದಿನದ ಬಿಡುವು ಮಾಡಿಕೊಟ್ಟು, ತಾವೇ ಜೊತೆಗೆ ಆಸ್ಪತ್ರೆಗೆ ನಡೆಯಲಿ. ಗಂಡನೇ ಜೊತೆಗಿರಲು, ಕಂಡವರ ಮಾತಿಗೆ ಅಂಜುವ ಕಾರಣವೇನು?